ಹನ್ನೆರಡನೆಯ ಹಾಳೆ

ಫುಟ್‌ಬಾಲ್ ಅಭಿಮಾನಿಗಳ ಸಂಘದವರು ದರ್ಜಿಯನ್ನು ಕಾರ್ಯದರ್ಶಿ ಮಾಡಿದ್ದು ಅವನ ಅಕ್ಷರ ಚೆನ್ನಾಗಿದೆ ಎಂದಲ್ಲ. ಮೂವತ್ತು ಅಡಿ ಉದ್ದದ ಹಸಿರು ಬಾವುಟವನ್ನು ಒಂದು ಹೊಲಿಗೆ ತಪ್ಪದಂತೆ ಹೊಲಿದವನು ವರ್ಷದ ವರದಿಯನ್ನೂ ಹಾಗೇ ಹೊಲಿದಾನು ಎಂದು ಯಾರೋ ಹೇಳಿದರು, ಉಳಿದವರು ಚಪ್ಪಾಳೆ ತಟ್ಟಿದರು, ಮುಗಿಯಿತು. ಹತ್ತೊಂಬತ್ತು ವರ್ಷವಾಯಿತು, ಆ ಕೆಲಸ ಅವನ ಕೊರಳಲ್ಲಿ ಅಳತೆ ಟೇಪಿನ ಹಾಗೆ ನೇತಾಡುತ್ತಲೇ ಇದೆ.

ಆ ವರದಿಯೂ ಅಂಥಿಂಥದ್ದಲ್ಲ. ಆಟದ ವರ್ಷ ಮುಗಿದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಲಾಂಡ್ರಿಯ ಮೇಲಿನ ಕೋಣೆಯಲ್ಲಿ, ಎಲ್ಲರೂ ನಿಂತುಕೊಂಡೇ ಕೇಳಬೇಕು. ಒಂದು ಪಂದ್ಯಕ್ಕೆ ಒಂದು ಸಾಲು. ಗೆದ್ದಿದ್ದರೆ ಡ್ರಮ್ಮಿಗೆ ಒಂದು ಏಟು. ಸಮವಾಗಿದ್ದರೆ ಡ್ರಮ್ಮಿನ ಅಂಚಿಗೆ ಕೋಲಿನಿಂದ ಟಕ್ ಎಂದು ಒಂದು. ಸೋತಿದ್ದರೆ ಮೌನ. ತಂಡದ ಯೋಗ್ಯತೆ ಎಷ್ಟಿತ್ತೆಂದರೆ, ಕೆಲವು ವರ್ಷ ಕೆಳಗಿನ ಇಸ್ತ್ರಿಯ ಹಬೆ ಬುಸ್ಸೆನ್ನುವುದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ.

ಡ್ರಮ್ಮು ಬಡಿಯುತ್ತಿದ್ದವನು ಬಸ್ ಡಿಪೋದ ಮೆಕ್ಯಾನಿಕ್. ದರ್ಜಿಗೂ ಅವನಿಗೂ ಚಡ್ಡಿ ಹಾಕುತ್ತಿದ್ದ ಕಾಲದ ಸ್ನೇಹ. ಮೈದಾನದ ಪೂರ್ವ ದಿಕ್ಕಿನ ಮರದ ಬೆಂಚುಗಳಲ್ಲಿ ಮೂವತ್ತೈದು ವರ್ಷ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗಿಸಿಕೊಂಡೇ ಕೂತವರು.

ಖಾಲಿ ಹಾಳೆಗೆ ಸಹಿ ಹಾಕುವ ಪದ್ಧತಿ ಶುರುವಾದದ್ದೂ ಆ ಡ್ರಮ್ಮಿನಿಂದಲೇ. ಬೇರೆ ಊರಿನ ಮೈದಾನಕ್ಕೆ ಅದನ್ನು ಒಯ್ಯಬೇಕಾದರೆ ಗೇಟಿನಲ್ಲಿ ಪತ್ರ ಕೊಡಬೇಕು. ಈ ಡ್ರಮ್ಮು ನಮ್ಮದು, ಇದರೊಳಗೆ ಗಾಳಿ ಬಿಟ್ಟು ಬೇರೇನೂ ಇಲ್ಲ ಎಂದು ಬರೆದು ಕಾರ್ಯದರ್ಶಿಯ ಸಹಿ ಹಾಕಿರಬೇಕು. ಪ್ರತಿ ಸಲವೂ ಸಹಿಗೆಂದು ಅಂಗಡಿಗೆ ಓಡಿಬರುತ್ತಿದ್ದವನು ಸಂಘದ ಅಧ್ಯಕ್ಷ, ಅಂದರೆ ದರ್ಜಿಯ ಹೆಂಡತಿಯ ತಮ್ಮ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ಒಮ್ಮೆ ಮದುಮಗನ ಕೋಟು ಕತ್ತರಿಸುತ್ತಿದ್ದಾಗ ಇವನು ಬಂದು "ಭಾವ, ಸಹಿ" ಎಂದ. ಎಡತೋಳು ಒಂದಿಂಚು ಗಿಡ್ಡವಾಯಿತು. ಆ ಮದುಮಗ ಫೋಟೋಗಳಲ್ಲೆಲ್ಲ ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅಂದಿನಿಂದ ದರ್ಜಿ ವರ್ಷದ ಆರಂಭದಲ್ಲೇ ಹನ್ನೆರಡು ಹೊರಗಿನ ಪಂದ್ಯಗಳಿಗೆ ಹನ್ನೆರಡು ಖಾಲಿ ಹಾಳೆ ತೆಗೆದು, ಕೆಳಗೆ ಸಹಿ ಹಾಕಿ ಕೊಟ್ಟುಬಿಡುತ್ತಿದ್ದ.

"ತಗೋ ಮಾರಾಯ. ಇನ್ನು ವರ್ಷ ಪೂರ್ತಿ ನನ್ನ ಪ್ರಾಣ ತಿನ್ಬೇಡ."

ಮೇಲೆ ಏನು ಬೇಕೋ ಅದನ್ನು ಭಾವಮೈದ ಮೆಷಿನ್ನಿನಲ್ಲಿ ಅಚ್ಚು ಮಾಡಿಕೊಳ್ಳುತ್ತಿದ್ದ. ಮನೆಯ ಹುಡುಗ, ಅದರಲ್ಲಿ ಯೋಚಿಸುವಂಥದ್ದೇನಿದೆ?

ಈ ಸಲದ ಆಟದ ವರ್ಷದ ನಾಲ್ಕನೆಯ ತಿಂಗಳಲ್ಲಿ ತಂಡದ ಮಾಲೀಕರು ಒಂದು ಪ್ರಕಟಣೆ ಹೊರಡಿಸಿದರು. ಎಂಬತ್ತು ವರ್ಷದ ಹಸಿರು ಬಣ್ಣ ಇನ್ನಿಲ್ಲ. ಮುಂದಿನ ಪಂದ್ಯದಿಂದ ತಂಡಕ್ಕೆ ನೇರಳೆ ಅಂಗಿ, ಮಾಲೀಕರ ಪೇಂಟ್ ಕಂಪನಿಯ ಡಬ್ಬದ ಬಣ್ಣ. ಅಷ್ಟಾದರೂ ನುಂಗಿಕೊಳ್ಳಬಹುದಿತ್ತೇನೋ. ಕೊನೆಯಲ್ಲಿ ಒಂದು ಸಾಲಿತ್ತು: "ಅಭಿಮಾನಿಗಳ ಸಂಘದ ಲಿಖಿತ ಒಪ್ಪಿಗೆಯೊಂದಿಗೆ."

ಲಾಂಡ್ರಿಯಲ್ಲಿ ಆ ದಿನ ಹಬೆ ಕೆಳಗಿಂತ ಮೇಲೇ ಜಾಸ್ತಿ ಇತ್ತು. ಕೊಟ್ಟವನು ಯಾರು? ಪತ್ರ ನೋಡಿಕೊಂಡು ಬಾ ಎಂದು ಅಧ್ಯಕ್ಷನನ್ನೇ ಆಫೀಸಿಗೆ ಕಳಿಸಿದರು. ಅವನು ಹೋಗಿ ಬಂದು, ಕನ್ನಡಕ ತೆಗೆದು ಒರೆಸುತ್ತ ಹೇಳಿದ, "ತೋರ್ಸಲ್ವಂತೆ. ಆದ್ರೆ ನಮ್ಮೋರೇ ಯಾರೋ ಕೊಟ್ಟಿದ್ದಾರಂತೆ."

ಆಮೇಲೆ ಮೆಲ್ಲಗೆ, ಏನೋ ಈಗ ತಾನೇ ನೆನಪಾದವನಂತೆ, "ಅಲ್ಲಾ, ಮೆಕ್ಯಾನಿಕ್ ಮಗಳಿಗೆ ಆ ಪೇಂಟ್ ಕಂಪನೀಲೇ ಕೆಲಸ ಸಿಕ್ಕಿದೆಯಂತಲ್ಲ?" ಎಂದ.

ಅಷ್ಟೇ. ಅವನು ಆರೋಪ ಮಾಡಲಿಲ್ಲ, ಬರೀ ಕೇಳಿದ.

ಮೆಕ್ಯಾನಿಕ್ ನಕ್ಕ. "ನನ್ನ ಮಗಳು ಅಲ್ಲಿ ಡಬ್ಬದ ಮುಚ್ಚಳ ಎಣಿಸ್ತಾಳೆ ಕಣ್ರೋ. ಅವ್ಳಿಗೋಸ್ಕರ ನಾನು ನಿಮ್ಮ ಅಂಗಿ ಬಣ್ಣ ಮಾರ್ತೀನಾ?" ಎಂದ. ಯಾರೂ ನಗದಿದ್ದಾಗ ಅವನು ದರ್ಜಿಯ ಕಡೆ ನೋಡಿದ. ದರ್ಜಿಗೆ ಅಂದು ಮೈಯೆಲ್ಲ ಉರಿ. ಆ ಬಾವುಟದ ಒಂದೊಂದು ಹೊಲಿಗೆಯೂ ಅವನ ಬೆರಳಿಗೆ ಗೊತ್ತು. ಉರಿಯುವವನಿಗೆ ಸುಡಲು ಯಾರಾದರೂ ಒಬ್ಬ ಬೇಕಿತ್ತು. "ಇಂಥೋರು ಸಂಘದಲ್ಲಿ ಇರಬಾರ್ದು" ಎಂದು ಮೊದಲು ಕೈ ಎತ್ತಿದವನು ಅವನೇ. ಎರಡನೆಯ ಕೈ ಭಾವಮೈದನದು. ಆಮೇಲೆ ಕೋಣೆ ತುಂಬ ಕೈಗಳು.

ಮೆಕ್ಯಾನಿಕ್ ಕೊರಳಿನ ಹಸಿರು ಸ್ಕಾರ್ಫ್ ತೆಗೆದು ಡ್ರಮ್ಮಿನ ಮೇಲಿಟ್ಟು, ಮೆಟ್ಟಿಲಿಳಿದು ಹೋದ. ಅದನ್ನು ಹೊಲಿದುಕೊಟ್ಟವನೂ ದರ್ಜಿಯೇ.

ಉಳಿದ ಪಂದ್ಯಗಳಲ್ಲಿ ಸಂಘದವರು ಪ್ರತಿಭಟನೆ ಎಂದು ಮೊದಲ ಹತ್ತು ನಿಮಿಷ ಮೈದಾನಕ್ಕೆ ಬೆನ್ನು ತಿರುಗಿಸಿ ನಿಂತರು. ತಂಡವೋ, ಎಂದೂ ಇಲ್ಲದ್ದು, ಆ ಹತ್ತು ನಿಮಿಷದಲ್ಲೇ ಗೋಲು ಹೊಡೆಯಲು ಕಲಿಯಿತು. ಈ ವರ್ಷದ ಎರಡು ಒಳ್ಳೆಯ ಗೋಲುಗಳನ್ನು ಸಂಘದ ಬೆನ್ನುಗಳು ಮಾತ್ರ ನೋಡಿವೆ. ಡ್ರಮ್ಮನ್ನು ಹಲ್ಲಿನ ಡಾಕ್ಟರು ಬಡಿಯತೊಡಗಿದರು, ಎಲ್ಲಿ ನೋವಾಗುತ್ತದೋ ಎಂದು ಹುಡುಕುವವರ ಹಾಗೆ.

ವರದಿಯ ಭಾನುವಾರಕ್ಕೆ ಎರಡು ದಿನ ಉಳಿದಿತ್ತು. ದರ್ಜಿ ಫೈಲು ತೆಗೆದು, ಗೇಟುಗಳಿಂದ ಮುದ್ರೆ ಬಿದ್ದು ಮರಳಿದ್ದ ಡ್ರಮ್ಮಿನ ಪತ್ರಗಳನ್ನು ಜೋಡಿಸಿದ. ಹನ್ನೊಂದು. ಸರಿಯೇ, ಒಂದು ತಂಡ ಅರ್ಧ ವರ್ಷಕ್ಕೇ ಬಾಗಿಲು ಹಾಕಿಕೊಂಡಿದ್ದರಿಂದ ಆ ಊರಿಗೆ ಹೋಗಿರಲಿಲ್ಲ. ಹಾಗಾದರೆ ಸಹಿ ಹಾಕಿದ ಹಾಳೆ ಒಂದು ಉಳಿದಿರಬೇಕು. ತುಂಡು ಬಟ್ಟೆಯನ್ನೂ ಬಿಸಾಡದ ಮನುಷ್ಯ, ವರದಿಯ ಕೊನೆಯ ಪುಟಕ್ಕೆ ಅದೇ ಆಗುತ್ತದೆ ಎಂದುಕೊಂಡು ಕನ್ನಡಕದ ಅಂಗಡಿಗೆ ಹೋದ.

"ಉಳಿದ ಹಾಳೆ ಕೊಡೋ."

"ಯಾವ ಹಾಳೆ ಭಾವ?"

"ಹನ್ನೆರಡರಲ್ಲಿ ಹನ್ನೊಂದು ಬಂದಿದೆ. ಇನ್ನೊಂದು ನಿನ್ನ ಹತ್ರಾನೇ ಇರ್ಬೇಕಲ್ಲ."

"ಅದಾ? ಅದ್ರ ಮೇಲೆ ಟೀ ಚೆಲ್ತು. ಹರಿದು ಬಿಸಾಕ್ದೆ."

ಟೀ ಚೆಲ್ಲಿದ್ದಕ್ಕೆ ಮುಖ ಅಷ್ಟು ಬಿಳಿಚಿಕೊಳ್ಳಬೇಕೆ ಎಂದು ದರ್ಜಿಗೆ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಅಲ್ಲೇ ಬಿಟ್ಟು, ಪ್ರತಿ ವರ್ಷದಂತೆ ಪಂದ್ಯಗಳ ತಾರೀಖು, ಗೋಲುಗಳ ಪಟ್ಟಿ ಪಡೆಯಲು ತಂಡದ ಆಫೀಸಿಗೆ ನಡೆದ.

ಆಫೀಸಿನ ಗೋಡೆ, ಕುರ್ಚಿ, ಕಸದ ಬುಟ್ಟಿ ಎಲ್ಲ ನೇರಳೆ. ಹೊಸದಾಗಿ ಸೇರಿದ್ದ ಗುಮಾಸ್ತೆಗೆ ತನ್ನ ಹೆಸರು ಹೇಳಿದ್ದೇ ತಡ, ಆಕೆ ಎದ್ದು ನಿಂತಳು.

"ಓ, ನೀವೇನಾ ಸರ್! ದಿನಾ ನಿಮ್ಮ ಸಹಿ ಕೆಳಗೇ ಕೂತ್ಕೊಳ್ತೀನಿ ನಾನು."

ಆಕೆಯ ಕುರ್ಚಿಯ ಹಿಂದೆ, ಗಾಜಿನ ಚೌಕಟ್ಟಿನಲ್ಲಿ ಸಂಘದ ಹಾಳೆ. "ತಂಡವು ನೇರಳೆ ಬಣ್ಣ ಧರಿಸುವುದನ್ನು ನಮ್ಮ ಸಂಘವು ಒಕ್ಕೊರಲಿನಿಂದ ಸ್ವಾಗತಿಸುತ್ತದೆ." ಕೆಳಗೆ ದರ್ಜಿಯ ಸಹಿ, ಸೂಜಿಗೆ ಪೋಣಿಸಿದ ದಾರದ ಹಾಗೆ ಉದ್ದ ಬಾಲ ಬಿಟ್ಟುಕೊಂಡು. ಟೀಯ ಒಂದು ಹನಿಯೂ ಅದರ ಮೇಲಿರಲಿಲ್ಲ.

"ಇದನ್ನ ನೋಡೋಕೆ ಯಾರಿಗೂ ಬಿಡಲ್ಲ ಅಂದಿದ್ರಂತೆ?" ಎಂದ ದರ್ಜಿ.

"ಇಲ್ವಲ್ಲ ಸರ್? ಇಲ್ಲಿಗೆ ಬಂದೋರೆಲ್ಲ ನೋಡ್ತಾರೆ. ನಿಮ್ಮ ಅಧ್ಯಕ್ಷರು ಇದ್ರ ಪಕ್ಕ ನಿಂತು ಫೋಟೋನೂ ತೆಗೆಸ್ಕೊಂಡಿದ್ದಾರೆ."

ಮೆಟ್ಟಿಲಿಳಿಯುವಾಗ ದರ್ಜಿಗೆ ಕಣ್ಣೆದುರು ಬಂದದ್ದು ಭಾವಮೈದನ ಮುಖವಲ್ಲ. ಡ್ರಮ್ಮಿನ ಮೇಲೆ ಮಡಿಸಿಟ್ಟ ಆ ಸ್ಕಾರ್ಫ್.

ಸಂಜೆ ಮನೆಗೆ ಕರೆಸಿದ. ಹೆಂಡತಿ ಅಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಭಾವಮೈದ ಮೊದಲು ತೊದಲಿದ, ಆಮೇಲೆ ಬಾಯಿಬಿಟ್ಟ.

"ಒಪ್ಪಿಗೆ ಕೊಟ್ರೆ ನಮ್ಮ ಮರದ ಬೆಂಚು ಉಳಿಸ್ತೀವಿ ಅಂದ್ರು ಭಾವ. ಇಲ್ಲಾಂದ್ರೆ ಕಿತ್ತು ಪ್ಲಾಸ್ಟಿಕ್ ಕುರ್ಚಿ ಹಾಕ್ತಾರಂತೆ. ಬಣ್ಣ ಹೇಗಿದ್ರೂ ಹೋಗ್ತಿತ್ತು. ಕೂರೋ ಜಾಗ ಆದ್ರೂ ಉಳೀಲಿ ಅಂತ..."

"ನನ್ನನ್ನ ಕೇಳ್ಬೋದಿತ್ತಲ್ಲೋ?"

"ಕೇಳಿದ್ರೆ ನೀನು ಒಪ್ತಿರ್ಲಿಲ್ಲ. ಅದಕ್ಕೇ ಕೇಳ್ಲಿಲ್ಲ."

"ಮೆಕ್ಯಾನಿಕ್‌ನ ಹೊರಗೆ ಹಾಕಿದಾಗ್ಲಾದ್ರೂ? ಕೈ ಎತ್ತಿದ್ಯಲ್ಲೋ ನೀನು!"

"ನೀನು ಎತ್ತಿದ ಮೇಲೆ ಎತ್ತಿದೆ."

ಆ ಮಾತು ದರ್ಜಿಯ ಎದೆಗೆ ಮಂಡಿಯಲ್ಲಿ ಗುದ್ದಿದ ಹಾಗಾಯಿತು. ಸುಳ್ಳಾಗಿದ್ದರೆ ಕಪಾಳಕ್ಕೆ ಬಾರಿಸಬಹುದಿತ್ತು.

ತಮ್ಮ ಹೋದ ಮೇಲೆ ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದು ಕೇಳಿದಳು, "ಭಾನುವಾರ ಓದ್ತೀರಾ ಇದನ್ನ?"

"ಓದಿದ್ರೆ ನಿನ್ನ ತಮ್ಮ ಊರಲ್ಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ಓದದಿದ್ರೆ ಮೆಕ್ಯಾನಿಕ್ಕು ಕಳ್ಳನಾಗೇ ಉಳೀತಾನೆ."

"ಓದಿ. ಆದ್ರೆ ಅವನ ಹೆಸರಿಗಿಂತ ಮೊದ್ಲು ನಿಮ್ಮದನ್ನ ಓದಿ."

ಭಾನುವಾರ ದರ್ಜಿ ಓದಿದ. ಮೊದಲ ನಾಲ್ಕು ತಿಂಗಳ ಗೆಲುವಿಗೆ ಡಾಕ್ಟರು ಡ್ರಮ್ಮು ಬಡಿದರು. ಆಮೇಲೆ ಆ ತಾರೀಖು ಬಂತು. ಒಪ್ಪಿಗೆಯ ಪತ್ರದಲ್ಲಿರುವ ಸಹಿ ನನ್ನದೇ, ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟವನು ನಾನು, ಮೇಲಿನದನ್ನು ಬರೆದವನು ಅಧ್ಯಕ್ಷ, ಮೆಕ್ಯಾನಿಕ್ ನಿರಪರಾಧಿ. ಒಂದೇ ಉಸಿರಿನಲ್ಲಿ ಓದಿ ಮುಗಿಸಿ ಹಾಳೆ ಕೆಳಗಿಳಿಸಿದ.

ಡ್ರಮ್ಮಿನ ಕೋಲು ಕೆಳಗಿಟ್ಟು ಡಾಕ್ಟರು ಹೇಳಿದರು, "ಖಾಲಿ ಹಾಳೆಗೆ ಸಹಿ ಹಾಕೋಕೆ ಕಾರ್ಯದರ್ಶಿ ಯಾಕ್ರೀ ಬೇಕು? ಒಂದು ರಬ್ಬರ್ ಸ್ಟಾಂಪು ಸಾಕಿತ್ತು."

ಭಾವಮೈದ ಒಂದು ಹೆಜ್ಜೆ ಮುಂದಿಟ್ಟ. ಪಶ್ಚಾತ್ತಾಪ ಪಡುತ್ತಾನೆ ಎಂದು ದರ್ಜಿ ಕಾದಿದ್ದ. ಆದರೆ ಅವನು ಕೋಣೆಯ ಕಡೆ ತಿರುಗಿ, "ಸಹಿ ಯಾರ್ದು? ಭಾವಂದು. ನಾನು ಬರೆದೆ ಅನ್ನೋಕೆ ಏನಿದೆ ಸಾಕ್ಷಿ? ತಾನು ಕೊಟ್ಟು ನನ್ನ ತಲೆಗೆ ಕಟ್ತಿದ್ದಾರೆ" ಎಂದ.

ಮೊನ್ನೆ ಮನೆಯಲ್ಲಿ ಎಲ್ಲ ಒಪ್ಪಿಕೊಂಡ ಬಾಯಿ! ಪತ್ರಕ್ಕಿಂತ ಇದು ದರ್ಜಿಗೆ ಹೆಚ್ಚು ನಾಟಿತು. ಒಂದಿಬ್ಬರು ಅನುಮಾನದಿಂದ ಅವನನ್ನೇ ನೋಡತೊಡಗಿದರು. ಮೆಕ್ಯಾನಿಕ್ ಆ ದಿನ ಎಂಥ ನೋಟಗಳ ನಡುವೆ ನಿಂತಿದ್ದ ಎಂಬುದು ಅವನಿಗೆ ಆಗ ತಿಳಿಯಿತು.

ಅಂದು ಗಂಡನ ಜೊತೆಗೇ ಬಂದು ಹಿಂದೆ ನಿಂತಿದ್ದ ಹೆಂಡತಿ ಮುಂದೆ ಬಂದಳು. "ನನ್ನ ಮುಖ ನೋಡಿ ಹೇಳೋ."

ತಮ್ಮ ಕಿಟಕಿ ನೋಡಿದ.

"ಕಿಟಕಿ ಅಲ್ಲ. ನನ್ನ ಮುಖ."

ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಳ್ಳಲಿಲ್ಲ. ಸುಮ್ಮನೆ ಬಾಗಿಲ ಕಡೆ ನಡೆದ. ಯಾರೂ ತಡೆಯಲಿಲ್ಲ, ಯಾರೂ ಬೈಯಲಿಲ್ಲ. ಅವಳು ಅಲ್ಲೇ ಕುರ್ಚಿ ಎಳೆದು ಕೂತಳು. ನಿಂತು ಕೇಳುವ ನಿಯಮವನ್ನು ಅಂದು ಯಾರೂ ಅವಳಿಗೆ ನೆನಪಿಸಲಿಲ್ಲ.

ಮಧ್ಯಾಹ್ನ ದರ್ಜಿ ಡ್ರಮ್ಮನ್ನು ಹೊತ್ತುಕೊಂಡು, ಸ್ಕಾರ್ಫನ್ನು ಕಿಸೆಗೆ ತುರುಕಿಕೊಂಡು ಬಸ್ ಡಿಪೋಗೆ ಹೋದ. ಮೆಕ್ಯಾನಿಕ್ ಬಸ್ಸಿನಡಿ ಮಲಗಿದ್ದ. ಎರಡು ಬೂಟುಗಳಷ್ಟೇ ಹೊರಗೆ ಕಾಣುತ್ತಿದ್ದವು. ದರ್ಜಿ ಆ ಬೂಟುಗಳಿಗೆ ಎಲ್ಲವನ್ನೂ ಹೇಳಿದ. ಅವು ಅಲುಗಲಿಲ್ಲ.

"ಬೆಳಿಗ್ಗೇನೇ ಯಾರೋ ಫೋನ್ ಮಾಡಿ ಹೇಳಿದ್ರು," ಬಸ್ಸಿನಡಿಯಿಂದ ದನಿ ಬಂತು. "ಡ್ರಮ್ಮು ಅಲ್ಲಿಡು. ಎಣ್ಣೆ ಮೇಲಲ್ಲ, ಪಕ್ಕಕ್ಕೆ."

"ಹೊರಗೆ ಬಾರೋ."

"ಕೆಲಸ ಇದೆ. ವರದಿ ತಂದಿದ್ಯಾ? ಓದು. ನಾನು ಕೇಳಿಲ್ವಲ್ಲ."

ದರ್ಜಿ ಹಳೆಯ ಟೈರಿನ ಮೇಲೆ ಕೂತ, ನಿಯಮ ನೆನಪಾಗಿ ಎದ್ದು ನಿಂತ. ಮೊದಲಿನಿಂದ ಓದಿದ. ಗೆಲುವಿನ ಸಾಲುಗಳಿಗೂ ಬಸ್ಸಿನಡಿಯಿಂದ ಸ್ಪ್ಯಾನರಿನ ಸದ್ದೊಂದೇ ಬರುತ್ತಿತ್ತು. ನಾಲ್ಕನೆಯ ತಿಂಗಳಿಗೆ ಬಂದಾಗ ಸ್ಪ್ಯಾನರಿನ ಸದ್ದು ನಿಂತಿತು.

"'ಸಭೆಯ ನಿರ್ಣಯದಂತೆ ಮೆಕ್ಯಾನಿಕ್ ಅವರನ್ನು ತಪ್ಪಾಗಿ ಸಂಘದಿಂದ ಹೊರಹಾಕಲಾಯಿತು.'"

"ಹೊರಹಾಕಲಾಯಿತು," ಎಂದಿತು ದನಿ. "ತಾನಾಗೇ ಆಯ್ತಾ ಅದು? ಮೊದ್ಲು ಕೈ ಎತ್ತಿದೋನು ಯಾರು?"

ದರ್ಜಿಗೆ ಕಿವಿ ಬಿಸಿಯಾಯಿತು. ಸಹಿ ತನ್ನದು ಎಂದು ಇಡೀ ಸಭೆಯ ಮುಂದೆ ಒಪ್ಪಿಕೊಂಡವನು ಇದೊಂದನ್ನು ಮಾತ್ರ ಮಡಿಕೆಯೊಳಗೆ ಸೇರಿಸಿ ಹೊಲಿದುಬಿಟ್ಟಿದ್ದ.

"ನಾನು."

"ಹತ್ತೊಂಬತ್ತು ವರ್ಷ ಬರೆದಿದ್ಯ. ಬರೀ."

ದರ್ಜಿ ಕಿವಿಯ ಸಂದಿಯ ಪೆನ್ಸಿಲ್ ತೆಗೆದು, ಹಾಳೆಯನ್ನು ಡ್ರಮ್ಮಿನ ಮೇಲಿಟ್ಟು ಆ ಸಾಲನ್ನು ಹೊಡೆದುಹಾಕಿ ಹೊಸದು ಬರೆದ. ಗಟ್ಟಿಯಾಗಿ ಓದಿದ. ಬಸ್ಸಿನಡಿಯಿಂದ "ಮುಂದಕ್ಕೆ" ಎಂದಷ್ಟೇ ಕೇಳಿತು.

ಮುಂದಿನ ಎರಡು ಸೋಲು. ನಿಯಮದಂತೆ ಮೌನ. ಮೂರನೆಯದು ಗೆಲುವು, ಮೂರು ಗೋಲು, ಅದರಲ್ಲಿ ಒಂದನ್ನು ಬೆನ್ನು ನೋಡಿದ್ದು. ದರ್ಜಿ ಆ ಸಾಲು ಓದಿ ತಲೆಯೆತ್ತಿ ಕಾದ. ಡ್ರಮ್ಮು ಬೂಟುಗಳಿಂದ ಒಂದು ಮೊಳ ದೂರದಲ್ಲಿತ್ತು, ಕೋಲು ಅದರ ಮೇಲೇ ಇತ್ತು. ಬೇಕೆಂದರೆ ಕಾಲಿನಿಂದಲೇ ಒಂದು ಬಾರಿಸಬಹುದಿತ್ತು.

ಸ್ಪ್ಯಾನರು ಬೋಲ್ಟನ್ನು ಬಿಗಿಯುವ ಕಿರ್ರೆನ್ನುವ ಸದ್ದು ಮತ್ತೆ ಶುರುವಾಯಿತು. ದರ್ಜಿ ಕಿಸೆಯಲ್ಲಿದ್ದ ಸ್ಕಾರ್ಫನ್ನು ಒಮ್ಮೆ ಮುಟ್ಟಿ ನೋಡಿಕೊಂಡ, ಹೊರಗೆ ತೆಗೆಯಲಿಲ್ಲ. ಮುಂದಿನ ಪಂದ್ಯದ ತಾರೀಖು ಓದಿದ.