ದುರುಗಕ್ಕನ ಊರಿಗೆ ಮಳೆಗಾಲದಲ್ಲಿ

ಚೈತ್ರಶ್ರೀ ಚನ್ನಗಿರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಎರಡು ವರ್ಷದಿಂದ ಅವಳ ತರಗತಿಯ ಮಕ್ಕಳು ಪೋರ್ಚುಗಲ್ಲಿನ ಒಂದು ಹಳ್ಳಿಶಾಲೆಯ ಮಕ್ಕಳೊಂದಿಗೆ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದರು. ಆ ಶಾಲೆಯ ಟೀಚರು ಮಾರ್ತಾ ಜುಲೈನಲ್ಲಿ ಬರುತ್ತೇನೆಂದು ಬರೆದಾಗ ಚೈತ್ರಶ್ರೀಗೆ ಗಾಬರಿಯಾಯಿತು. ‘ಡಿಸೆಂಬರಿನಲ್ಲಿ ಬನ್ನಿ. ಈಗ ಕರೆಂಟು ಹೋಗುತ್ತದೆ, ರಸ್ತೆ ಕೆಸರು, ಬಟ್ಟೆ ಒಣಗುವುದಿಲ್ಲ’ ಎಂದು ಉತ್ತರಿಸಿದಳು. ಮಾರ್ತಾ ಎರಡೇ ಸಾಲು ಬರೆದಳು: ‘ನಮ್ಮೂರಲ್ಲಿ ಮೂರು ವರ್ಷದಿಂದ ನೆಟ್ಟಗೆ ಮಳೆಯಾಗಿಲ್ಲ. ನಾನು ಮಳೆಯನ್ನೇ ನೋಡಬೇಕು.’

ಬಂದೇ ಬಂದಳು. ಭಾನುವಾರಗಳಲ್ಲಿ ಕಾಲಿಡಲು ಜಾಗವಿರದ ಸೂಳೆಕೆರೆಯ ಏರಿಯ ಮೇಲೆ ಆ ಮಂಗಳವಾರ ಅವರಿಬ್ಬರೇ ನಿಂತಿದ್ದರು. ಆಚೆ ದಡ ಮಳೆಯಲ್ಲಿ ಕಾಣುತ್ತಿರಲಿಲ್ಲ. ಮಾರ್ತಾ ಒಂದು ಗಂಟೆ ಮಳೆಯನ್ನೇ ನೋಡಿದಳು. ಚೈತ್ರಶ್ರೀ ಮಾತ್ರ ಅತಿಥಿಗೆ ಏನೂ ತೋರಿಸಲಾಗಲಿಲ್ಲವಲ್ಲ ಎಂದು ಒಳಗೊಳಗೇ ನಾಚಿಕೊಂಡಳು.

ಸಂಜೆ ಶಾಲೆಗಳಿಗೆ ಎರಡು ದಿನ ಮಳೆ ರಜೆ ಎಂಬ ಸುದ್ದಿ ಬಂತು. ಅದರ ಹಿಂದೆಯೇ ಜಗಳೂರಿನ ಕಡೆಯಿಂದ ಅಕ್ಕ ದುರುಗಕ್ಕನ ಫೋನು.

“ರಜೆಯಂತಲ್ಲೇ. ನಿನ್ನ ಗೆಳತಿನ್ನ ಇಲ್ಲಿಗೆ ಕರ್ಕೊಂಡು ಬಾ.”

“ನಿಮ್ಮೂರಾಗೆ ಏನೈತಕ್ಕ ತೋರ್ಸಾಕೆ?”

ಮಾತು ಜಾರಿಹೋಗಿತ್ತು. ದುರುಗಕ್ಕ, “ಬಂದು ನೋಡು” ಎಂದು ಫೋನಿಟ್ಟಳು.

ಚೈತ್ರಶ್ರೀ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕತ್ತಲಗೆರೆಯ ಅವರ ಮನೆಯಿಂದ ದುರುಗಕ್ಕನನ್ನು ಜಗಳೂರು ಸೀಮೆಯ ಸಣ್ಣತಿಮ್ಮಪ್ಪನಿಗೆ ಕೊಟ್ಟಿದ್ದರು. ಅಂದಿನಿಂದ ಪ್ರತಿ ಬೇಸಿಗೆ ರಜೆಗೂ ಅವಳು ಅಕ್ಕನ ಊರಿಗೆ ಹೋಗುತ್ತಿದ್ದಳು. ಬಿರುಕು ಬಿಟ್ಟ ಹೊಲ, ಬಿಸಿಗಾಳಿ, ಟ್ಯಾಂಕರಿನ ಮುಂದೆ ಕೊಡಗಳ ಸಾಲು. ಟೀಚರಾದ ಮೇಲೆ ತರಕಾರಿಯ ಚೀಲ ಹೊತ್ತು ಹೋಗುವ ರೂಢಿಯಾಯಿತು. ಒಮ್ಮೆ ಅಕ್ಕನ ಎದುರಿಗೇ ಅಪ್ಪನನ್ನು, “ಇಂಥ ಬೆಂಗಾಡಿಗೆ ಅಕ್ಕನ್ನ ಯಾಕೆ ಕೊಟ್ಟೆ?” ಎಂದು ಕೇಳಿದ್ದಳು. ದುರುಗಕ್ಕ ಆಗ ಎದ್ದು ಒಳಗೆ ಹೋಗಿದ್ದಳು.

ಬುಧವಾರ ದಾವಣಗೆರೆ ದಾಟಿದ ಮೇಲೆ ಮಳೆ ತೆಳುವಾಯಿತು. ಬಸ್ಸಿನ ಕಿಟಕಿಯಾಚೆ ಮೆಕ್ಕೆಜೋಳ ಮೊಣಕಾಲೆತ್ತರ ನಿಂತಿತ್ತು. ಕೆಂಪು ಗುಡ್ಡಗಳಿಗೆ ಬುಡದಿಂದ ತುದಿಯವರೆಗೆ ಹಸಿರು ಹತ್ತಿತ್ತು. ಚೈತ್ರಶ್ರೀ ಎರಡು ಸಲ ಕಂಡಕ್ಟರನ್ನು, “ಇದು ಜಗಳೂರು ಬಸ್ಸೇ ತಾನೇ?” ಎಂದು ಕೇಳಿದಳು.

ದುರುಗಕ್ಕ ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಇವರನ್ನು ಕಂಡವಳೇ ಗೋಣಿಚೀಲ ಮಡಚಿ ಮಾಡಿದ ಎರಡು ಕೊಪ್ಪೆ ತಂದು ಇಬ್ಬರ ತಲೆಗೂ ಹಾಕಿದಳು. “ಗಾಳಿಗೆ ಛತ್ರಿ ನಿಲ್ಲಾಕಿಲ್ಲ. ಬರ್ರಿ, ಮಧ್ಯಾಹ್ನದ ಸಾರಿಗೆ ಸೊಪ್ಪು ಕೊಯ್ಯಾನ.”

ಬದುವಿನುದ್ದಕ್ಕೂ ಬಗ್ಗಿ ಬಗ್ಗಿ ಚಿವುಟುತ್ತಾ ಹೆಸರು ಹೇಳಿದಳು: ಅಣ್ಣೆ, ಕನ್ನೆ, ಗಣಿಕೆ. ಯಾರೂ ಬಿತ್ತದೆ, ಒಂದು ಹದ ಮಳೆಗೆ ತಾವೇ ಹುಟ್ಟಿದವು. ಹದಿನಾಲ್ಕು ಬಗೆ ಮಡಿಲಲ್ಲಿ ತುಂಬಿದವು. ಸಸ್ಯಗಳ ಪಾಠ ಮಾಡುವ ಚೈತ್ರಶ್ರೀಗೆ ಅದರಲ್ಲಿ ಮೂರೂ ಗೊತ್ತಿರಲಿಲ್ಲ.

ದಪ್ಪ ಎಲೆಯ ಒಂದು ಬಳ್ಳಿ ಕಂಡದ್ದೇ ಮಾರ್ತಾ ಕೆಸರಲ್ಲೇ ಕೂತುಬಿಟ್ಟಳು. ಅವಳ ಅಜ್ಜಿ ಅದರದೇ ಸಾರು ಮಾಡುತ್ತಿದ್ದಳಂತೆ.

“ಗೋಣಿಸೊಪ್ಪು ಅವ್ರ ದೇಶದಾಗೂ ಐತಾ?” ದುರುಗಕ್ಕ ಬೆರಗಾದಳು. “ಅಜ್ಜಿ ಅದಕ್ಕೆ ಏನ್ ಹಾಕ್ತಿದ್ರು ಕೇಳು.”

“ಬೆಳ್ಳುಳ್ಳಿ, ಮೊಟ್ಟೆ ಅಂತೆ ಅಕ್ಕ.”

“ಸೊಪ್ಪಿಗೆ ಮೊಟ್ಟೆನಾ!” ದುರುಗಕ್ಕ ನಕ್ಕ ನಗೆ ಆಚೆ ಹೊಲದವರಿಗೂ ಕೇಳಿಸಿತು. ಅಕ್ಕ ಹಾಗೆ ನಕ್ಕದ್ದನ್ನು ಚೈತ್ರಶ್ರೀ ನೋಡಿ ಎಷ್ಟೋ ವರ್ಷವಾಗಿತ್ತು.

ಜಗಲಿಯಲ್ಲಿ ಕೂತು ಸೊಪ್ಪು ಸೋಸುವಾಗ ಮಾರ್ತಾ ಹಿತ್ತಿಲಿಗೆ ಹೋಗಿದ್ದಳು. ಚೈತ್ರಶ್ರೀ ಮೆಲ್ಲಗೆ, “ಇಷ್ಟು ಚೆಂದ ಐತಿ ಅಂತ ನೀನು ಯಾಕ್ ಹೇಳ್ಲಿಲ್ಲ?” ಎಂದಳು.

“ಹೇಳಿದ್ನಲ್ಲೇ, ಮಳೆಗಾಲಕ್ಕೆ ಒಂದ್ಸಲ ಬಾ ಅಂತ. ನೀನು ಸಮಾಧಾನಕ್ಕೆ ಹೇಳ್ತಾಳೆ ಅಂದ್ಕಂಡೆ.” ದುರುಗಕ್ಕ ಕೈ ನಿಲ್ಲಿಸಲಿಲ್ಲ. “ನೀನು ಚೀಲ ಹೊತ್ಕಂಡು ಬಂದಾಗೆಲ್ಲ ನಂಗೂ ಏನಾರ ಕೊಡಾಕೆ ಆಸೆ ಇರ್ತಿತ್ತು ಕಣೇ. ನಂತಾವ ಕೊಡಾಕೆ ಇರೋದು ಈ ತಿಂಗ್ಳುಗಳಾಗೆ. ಬೇಸಿಗೆಯಾಗೆ ಬರಿಗೈಲಿ ನಿಂತ್ಕಂಡು ಇಸ್ಕೊಳ್ಳೋದು ಎಷ್ಟ್ ಕಷ್ಟ ಗೊತ್ತಾ?”

ಚೈತ್ರಶ್ರೀ ತನ್ನದು ಪ್ರೀತಿ ಎಂದುಕೊಂಡಿದ್ದಳು. ಅದರಲ್ಲಿ ಕನಿಕರವೇ ಹೆಚ್ಚಿತ್ತೇನೋ, ಅಕ್ಕ ಅದನ್ನು ಇಷ್ಟು ವರ್ಷ ನುಂಗಿದ್ದಳು. “ತಪ್ಪಾತಕ್ಕ” ಎಂದಳು.

“ಆಗ್ಲಿ ಬಿಡು. ಆ ಎಲೆ ಬಿಸಾಕಬ್ಯಾಡ, ಅದು ಎಳೇದು.”

ಗುರುವಾರ ಬೆಳಿಗ್ಗೆ ಹೊರಡಬೇಕಿತ್ತು. ಹಳ್ಳ ರಸ್ತೆಯ ಮೇಲೆ ಹರಿದು ಬಸ್ಸು ಬರಲಿಲ್ಲ. ಹೊಲಕ್ಕೂ ಇಳಿಯುವಂತಿರಲಿಲ್ಲವಾದ್ದರಿಂದ ಮನೆಮಂದಿಯೆಲ್ಲ ಜಗಲಿಯಲ್ಲೇ ಕೂತರು. ಬೇಸಿಗೆಯಲ್ಲಿ ಕೂಲಿ, ನೀರು ಎಂದು ಓಡಾಡುತ್ತಾ ನಾಲ್ಕು ಮಾತಿಗೂ ಸಿಗದ ಸಣ್ಣತಿಮ್ಮಪ್ಪ ಅಂದು ಶೇಂಗಾ ಹುರಿದು ಮಾರ್ತಾಳ ಮುಂದಿಟ್ಟು, “ಮೇಡಂನೋರಿಗೆ ಕೇಳು, ಅವ್ರೂರಾಗೆ ಬಾವಿ ಎಷ್ಟು ಆಳ ತೋಡ್ತಾರೆ?” ಎಂದು ಶುರುಮಾಡಿದ. ಮಾತು ಬಾವಿಯಿಂದ ಮಳೆಗೆ, ಮಳೆಯಿಂದ ಕುರಿಗೆ ಹೋಗಿ ಮಧ್ಯಾಹ್ನವಾಯಿತು. ನಡುವೆ ಅರ್ಥ ಹೇಳಿ ಹೇಳಿ ಚೈತ್ರಶ್ರೀಯ ಗಂಟಲು ಕಟ್ಟಿತು. ಭಾವ ಇಷ್ಟು ಮಾತುಗಾರ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಶುಕ್ರವಾರ ಹಳ್ಳ ಇಳಿಯಿತು. ಮಾರ್ತಾ ಬೆಂಗಳೂರಿನ ಬಸ್ಸು ಹತ್ತಿದಳು. ಚೈತ್ರಶ್ರೀ ಶಾಲೆಗೆ ಫೋನು ಮಾಡಿ ರಜೆ ಹೇಳಿ, ಭಾನುವಾರದವರೆಗೆ ಅಕ್ಕನ ಪಕ್ಕದ ಸಾಲಿನಲ್ಲಿ ಕಳೆ ಕಿತ್ತಳು. ಎರಡನೆಯ ದಿನ ಅಂಗೈಯಲ್ಲಿ ಬೊಬ್ಬೆ ಎದ್ದವು. ದುರುಗಕ್ಕ ಅವಕ್ಕೆ ಕೊಬ್ಬರಿ ಎಣ್ಣೆ ಸವರುತ್ತಾ, “ನಾಳೆ ಸ್ವಲ್ಪ ಬೇಗ ಏಳು, ಬಿಸಿಲೇರೋದ್ರಾಗೆ ಈ ಸಾಲು ಮುಗಿಸಾನ” ಎಂದಳು.