ರುಚಿಯಲ್ಲಿ ವ್ಯತ್ಯಾಸವಿಲ್ಲ

ನನ್ನ ವೈನ್ ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ಇದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಆ ವಾರದ ಸುದ್ದಿಯನ್ನು ಹಿಡಿದು ಅದರ ಮೇಲೆ ಏನಾದರೂ ಕೀಟಲೆ ಬರೆಯುತ್ತೇನೆ. ಸೇತುವೆಯ ಉದ್ಘಾಟನೆ ಮೂರನೇ ಸಲ ಮುಂದಕ್ಕೆ ಹೋದಾಗ ‘ನಮ್ಮ ವೈನೂ ಹೀಗೇ, ತಡವಾದಷ್ಟೂ ಬೆಲೆ ಜಾಸ್ತಿ’ ಎಂದು ಬರೆದಿದ್ದೆ. ಚುನಾವಣೆಯ ವಾರ ‘ಇಲ್ಲಿ ರುಚಿ ನೋಡಿದ ಮೇಲೆ ಆರಿಸಬಹುದು’ ಎಂದಿದ್ದೆ. ಜನ ನಿಂತು ಓದುತ್ತಾರೆ, ನಗುತ್ತಾರೆ, ನಕ್ಕವರಲ್ಲಿ ಅರ್ಧ ಜನ ಒಳಗೆ ಬರುತ್ತಾರೆ. ಇಡೀ ಬೀದಿಯಲ್ಲಿ ಹೀಗೆ ಬರೆಯುವವಳು ನಾನೊಬ್ಬಳೇ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಆದರೆ ಶನಿವಾರದ ರುಚಿ ನೋಡುವ ಕೂಟ ನಡೆಯುವುದು ನನ್ನ ಬರಹದಿಂದಲ್ಲ, ಅಕ್ಕನ ನಾಲಿಗೆಯಿಂದ. ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ‘ಈ ಬಾಟಲಿ ಎರಡು ದಿನ ಬಿಸಿಲಲ್ಲಿತ್ತು’ ಅಂದರೆ ಇತ್ತು ಅಂತಲೇ. ಲಾರಿಯವನನ್ನು ಕೇಳಿದರೆ ತಲೆ ಕೆರೆದುಕೊಂಡು ಒಪ್ಪಿಕೊಳ್ಳುತ್ತಾನೆ. ನನಗೂ ಕೆಂಪು ಯಾವುದು, ಬಿಳಿ ಯಾವುದು ಎಂದು ಗೊತ್ತಾಗುತ್ತದೆ, ಕಣ್ಣು ಬಿಟ್ಟುಕೊಂಡಿದ್ದರೆ. ಇದು ಗಿರಾಕಿಗಳಿಗೂ ಗೊತ್ತು.

ಆ ವಾರ ಊರಿನ ನಲ್ಲಿಗಳಲ್ಲಿ ಕಂದು ನೀರು ಬರುತ್ತಿತ್ತು. ನೀರು ಸರಬರಾಜು ಕಚೇರಿ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿತು: ‘ನೀರಿನ ಬಣ್ಣ ಮಾತ್ರ ಬದಲಾಗಿದೆ. ರುಚಿಯಲ್ಲಿ ವ್ಯತ್ಯಾಸವಿಲ್ಲ.’ ರುಚಿ ಎಂಬ ಮಾತು ಕಂಡ ಕೂಡಲೇ ನನ್ನ ಕೈ ತುರಿಸಿತು. ಹಲಗೆಯ ಮೇಲೆ ಬರೆದೆ: ‘ನಮ್ಮಲ್ಲಿ ಕೆಂಪೂ ಉಂಟು, ಬಿಳಿಯೂ ಉಂಟು. ಕಂದು ಬೇಕಾದವರು ಮನೆಯ ನಲ್ಲಿ ತಿರುಗಿಸಿ. ರುಚಿಯಲ್ಲಿ ವ್ಯತ್ಯಾಸವಿಲ್ಲವಂತೆ!’

ಹೇಳಿಕೆಗೆ ಸಹಿ ಹಾಕಿದ್ದ ಎಂಜಿನಿಯರು ನನ್ನ ಭಾವ, ಅಕ್ಕನ ಗಂಡ. ಗೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಗೊತ್ತಿದ್ದೇ ಬರೆದೆ.

ಸಂಜೆ ಅಕ್ಕನ ಫೋನ್ ಬಂತು.

“ಅಳಿಸು ಅದನ್ನ.”

“ಯಾಕೆ? ಜನ ನಿಂತು ಫೋಟೋ ತೆಗೀತಿದಾರೆ.”

“ಅದಕ್ಕೇ ಅಳಿಸು ಅಂತಿರೋದು. ಆಫೀಸಲ್ಲಿ ಇವರನ್ನ ಕಂಡವರೆಲ್ಲ ‘ಸಾರ್, ಕೆಂಪೋ ಕಂದೋ’ ಅಂತ ಕೇಳ್ತಿದಾರಂತೆ. ಊಟ ಬಿಟ್ಟು ಕೂತಿದಾರೆ.”

“ಭಾವ ಸುಳ್ಳು ಬರೆದ್ರೆ ನಾನೇನು ಮಾಡ್ಲಿ?”

“ನಾಳೆ ನಾನು ರುಚಿ ನೋಡೋಕೆ ಬರಲ್ಲ. ನಾಳೆ ಅಂತಲ್ಲ, ಇನ್ನು ಯಾವತ್ತೂ ಬರಲ್ಲ,” ಎಂದು ಫೋನ್ ಇಟ್ಟಳು.

ನಾನು ಅಳಿಸಲಿಲ್ಲ. ಬೇಡ ಅಂದದ್ದನ್ನು ಎರಡು ಸಲ ಮಾಡುವ ಜಾತಿ ನಾನು. ಆದರೆ ಹನ್ನೊಂದು ವರ್ಷಗಳಲ್ಲಿ ಅವಳು ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ. ವಾರವೆಲ್ಲ ನಾನು ಕಾಯುತ್ತಿದ್ದದ್ದು ಗಿರಾಕಿಗಳಿಗಲ್ಲ, ಅವಳಿಗೆ.

ಶನಿವಾರ ನಾಲ್ಕು ಗಂಟೆಗೆ, ಹಲಗೆಯ ದೆಸೆಯಿಂದ, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟರಲ್ಲಿ ಭಾವ ಬಂದರು. ಹಿಂದೆಯೇ ಅಕ್ಕ, ಮುಖ ಗಂಟಿಕ್ಕಿಕೊಂಡು.

“ನಾನು ಸುಳ್ಳು ಬರೆದೆ ಅಂದ್ಯಂತೆ,” ಎಂದರು ಭಾವ. “ಮೂರು ಲೋಟ ಕುಡಿದು ನೋಡಿ ಬರೆದಿದೀನಮ್ಮ. ನಂಬಿಕೆ ಇಲ್ಲದಿದ್ರೆ ಎಲ್ಲರ ಎದುರಿಗೇ ನೋಡೋಣ, ತಾ ನೀರು.”

“ಹಾಗಾದ್ರೆ ನಿಮ್ಮ ಮನೆಯವರೇ ಕುಡಿದು ಹೇಳ್ಲಿ,” ಎಂದರು ಹಲ್ಲಿನ ಡಾಕ್ಟರು. ಅವರು ನಮ್ಮ ಖಾಯಂ ಗಿರಾಕಿ. ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ಅಕ್ಕನ ಮುಖ ಇಳಿದುಹೋಯಿತು. ಗಂಡನ ಮಾನ ಒಂದು ಕಡೆ, ತನ್ನ ನಾಲಿಗೆ ಇನ್ನೊಂದು ಕಡೆ. ಅಲ್ಲಿಗೇ ಸಾಕು ಅನ್ನಬೇಕಿದ್ದವಳು ನಾನು. ಅನ್ನಲಿಲ್ಲ, ಲೋಟ ತರಲು ಒಳಗೆ ಹೋದೆ.

ಬೆಳಿಗ್ಗೆ ಹಿಡಿದಿಟ್ಟ ನಲ್ಲಿ ನೀರು ಬಕೆಟ್ಟಿನಲ್ಲಿ ತಿಳಿಯಾಗಿತ್ತು, ಕಂದೆಲ್ಲ ತಳದಲ್ಲಿ. ಗಷ್ಟು ಕದಡದಂತೆ ಬಗ್ಗಿಸುವುದು ಹಳೆಯ ವೈನಿನಿಂದ ಕಲಿತ ವಿದ್ಯೆ. ಒಂದು ಲೋಟಕ್ಕೆ ಅದನ್ನು ಬಗ್ಗಿಸಿದೆ, ಇನ್ನೊಂದಕ್ಕೆ ಪಕ್ಕದ ಅಂಗಡಿಯಿಂದ ತಂದ ಬಾಟಲಿ ನೀರು. ನೋಡಲು ಎರಡೂ ಒಂದೇ. ನಲ್ಲಿ ನೀರಿನ ಲೋಟದ ಅಡಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ನನ್ನ ಅಂಗಡಿಯಲ್ಲಿ ಒರೆಸದ ಲೋಟ ಮೇಜಿಗೆ ಹೋಗುವುದಿಲ್ಲ. ಅಭ್ಯಾಸದಂತೆ ಎರಡನ್ನೂ ಒದ್ದೆ ಬಟ್ಟೆಯಿಂದ ಅಡಿಯವರೆಗೂ ಒರೆಸಿ, ತಟ್ಟೆಯಲ್ಲಿಟ್ಟು ತಂದೆ.

ಅಕ್ಕ ಎಡಗಡೆಯ ಲೋಟದಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ವೈನ್ ಉಗುಳಲೆಂದು ಮೇಜಿನ ಪಕ್ಕ ಇಟ್ಟಿದ್ದ ಡಬ್ಬಕ್ಕೆ ಉಗುಳಿದಳು. ಆಮೇಲೆ ಬಲಗಡೆಯದು. ಮತ್ತೆ ಎಡಗಡೆಯದು. ಗಂಡನ ಮುಖ ನೋಡಿದಳು.

“ಎಡಗಡೇದು ನಲ್ಲಿ ನೀರು. ತುಕ್ಕಿದೆ. ತುಕ್ಕಿನ ಹಿಂದೆ ಇನ್ನೂ ಏನೋ ಇದೆ, ನೆನೆದ ಗೋಣಿಚೀಲದ ಹಾಗೆ. ಇದು ಕುಡಿಯೋ ನೀರಲ್ಲ ರೀ.”

ನಾನು ಬೀಗುತ್ತಾ ಎಡಗಡೆಯ ಲೋಟ ಎತ್ತಿ ಅಡಿ ತೋರಿಸಿದೆ. ಗುರುತಿಲ್ಲ. ಬಲಗಡೆಯದನ್ನು ಎತ್ತಿದೆ. ಅದರಲ್ಲೂ ಇಲ್ಲ. ಆಗ ಹೆಗಲ ಮೇಲಿನ ಒದ್ದೆ ಬಟ್ಟೆ ನೆನಪಾಯಿತು.

“ಇದು ಲೆಕ್ಕಕ್ಕಿಲ್ಲ ಬಿಡಿ,” ಎಂದರು ಡಾಕ್ಟರು. ಭಾವ ಅಷ್ಟಕ್ಕೇ ನಕ್ಕು ಹೊರಟುಬಿಡಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ.

“ಗುರುತು ಯಾಕೆ?” ಎಂದರು ಭಾವ. “ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು. ನಾನು ಮಾಡಿದ ಅಡುಗೆ ಚೆನ್ನಾಗಿದೆ ಅಂತ ಒಂದು ದಿನಾನೂ ಇವಳ ಬಾಯಲ್ಲಿ ಸುಳ್ಳು ಬಂದಿಲ್ಲ.” ಫೋನ್ ತೆಗೆದು ಕಚೇರಿಗೆ ಹೇಳಿದರು: “ಹಳೇ ಪೈಪಿನ ಸರಬರಾಜು ಈಗಲೇ ನಿಲ್ಲಿಸಿ. ಟ್ಯಾಂಕರ್ ಕಳಿಸಿ. ಕುಡೀಬೇಡಿ ಅಂತ ಹೇಳಿಕೆ ನಾನೇ ಬಂದು ಬರೀತೀನಿ.” ಎಲ್ಲರೂ ದಾರಿ ಬಿಟ್ಟರು. ಆ ಮನುಷ್ಯನ ಮೇಲೆ ನನಗೆ ಅಷ್ಟು ಗೌರವ ಹಿಂದೆಂದೂ ಹುಟ್ಟಿರಲಿಲ್ಲ.

ಜನ ಕರಗಿದ ಮೇಲೆ ಅಕ್ಕ ಕುರ್ಚಿ ಎಳೆದುಕೊಂಡು ಕೂತಳು.

“ಈಗಲಾದ್ರೂ ಅಳಿಸ್ತೀಯಾ?”

“ಯಾಕೆ? ನಾನು ಬರೆದಿದ್ದೇ ಸರಿ ಅಂತ ನೀನೇ ಹೇಳಿದೆಯಲ್ಲ.”

“ಅವರು ಕುಡಿದು ನೋಡಿ ತಪ್ಪು ಬರೆದ್ರು. ನೀನು ಕುಡೀದೇನೇ ಸರಿ ಬರೆದೆ. ಬಾಯಿಗೆ ಬಂದಿದ್ದು ಬರೆಯೋಳು, ಒಂದು ಸಲ ಬಾಯಿಗೆ ಹಾಕ್ಕೊಂಡು ನೋಡು.”

ಮಾತು ನೇರವಾಗಿ ತಗುಲಿತು. ಎಡಗಡೆಯ ಲೋಟ ಎತ್ತಿ ಒಂದು ಗುಟುಕು ತೆಗೆದುಕೊಂಡೆ. ಅಕ್ಕನ ಹಾಗೇ ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಹೊರಳಿಸಿ ಉಗುಳಿದೆ. ಆಮೇಲೆ ಬಲಗಡೆಯದು. ಎಷ್ಟು ತಡಕಾಡಿದರೂ ತುಕ್ಕು ಸಿಗಲಿಲ್ಲ, ಗೋಣಿಚೀಲವೂ ಸಿಗಲಿಲ್ಲ.

“ಏನು?” ಎಂದಳು.

“ಎರಡೂ ಒಂದೇ ಥರ ಇದೆ ಕಣೇ. ಭಾವನ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಬರೀತಿದ್ದೆ. ತಪ್ಪಾಯ್ತು, ಅಳಿಸ್ತೀನಿ.”

ಅಕ್ಕ ನನ್ನನ್ನು ದಿಟ್ಟಿಸಿದಳು. ತುಟಿ ಕಚ್ಚಿ ತಡೆದುಕೊಂಡಳು. ಕೊನೆಗೆ ತಡೆಯಲಾಗದೆ ಮೇಜು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು.

“ಮುಂದಿನ ಶನಿವಾರ ಅವರನ್ನೂ ಕರ್ಕೊಂಡು ಬರ್ತೀನಿ,” ಎಂದಳು ಕಣ್ಣೊರೆಸಿಕೊಂಡು. “ವೈನೆಲ್ಲ ಆಮೇಲೆ. ನಿಮ್ಮಿಬ್ಬರಿಗೂ ನೀರಿಂದಲೇ ಶುರು ಮಾಡ್ಬೇಕು.”