ಹೆಸರಿಲ್ಲದ ಪ್ರಶ್ನೆ

ಪಂದ್ಯಕ್ಕೆ ಇನ್ನು ಆರೇ ದಿನ ಇರುವಾಗ ನಿಯಮಗಳಿಗೆ ಐದನೇ ತಿದ್ದುಪಡಿ ಬಂತು. ಮೊದಲಿನ ನಾಲ್ಕೂ ಪಾಪದವು: ಕನ್ನಡಕ ಹಾಕಿಕೊಳ್ಳಿ, ಕೂದಲು ಕಟ್ಟಿಕೊಳ್ಳಿ, ಚಪ್ಪಲಿಯಲ್ಲಿ ಬರಬೇಡಿ, ಉಬ್ಬಿದ ಬ್ಯಾಟರಿ ಮುಟ್ಟಬೇಡಿ. ಐದನೆಯದು ಮಾತ್ರ ಇಲ್ಯಾನಿಯ ಕುತ್ತಿಗೆಗೇ ಬಂತು.

ಮಲೇಷ್ಯಾದ ತೈಪಿಂಗಿನ ಒಂದು ಹೆಣ್ಣುಮಕ್ಕಳ ಶಾಲೆಯ ರೋಬೋ ತಂಡ ಎಂದರೆ ಇಬ್ಬರೇ. ಯಂತ್ರ ಕಟ್ಟುವವಳು ಇಲ್ಯಾನಿ, ನಡೆಸುವವಳು ಪೇ ಶಿನ್. ಬೆನ್ನಿಗೆ ನಿಂತವರು ಭೌತವಿಜ್ಞಾನದ ಟೀಚರ್ ರೊಹಾಯಾ. ಮಕ್ಕಳ ಬಾಯಲ್ಲಿ ಬರೀ ಚಿಕ್ಗು, ಮಲಯ ಮಾತಿನಲ್ಲಿ ಟೀಚರ್ ಎಂದೇ ಅರ್ಥ. ಹುಡುಗಿಯರಿಗೆ ಇದು ಶಾಲೆಯ ಕೊನೆಯ ವರ್ಷ. ಶನಿವಾರ ಇಪೋದಲ್ಲಿ ಗೆದ್ದರೆ ಕ್ವಾಲಾಲಂಪುರದ ಫೈನಲ್, ಸೋತರೆ ಅಲ್ಲಿಗೆ ಮುಗಿಯಿತು, ಮುಂದಿನ ಸಲ ಎಂಬುದೇ ಇಲ್ಲ. ಆಟ ಎಂದರೆ ಚೆಂಡುಗಳನ್ನು ಗೋಡೆಯಾಚೆ ಹಾಕುವುದು. ಬೇರೆ ಶಾಲೆಗಳ ಯಂತ್ರಗಳು ಮೋಟಾರಿನಿಂದ ಒಂದೊಂದೇ ಚೆಂಡನ್ನು ಎತ್ತಿ ಗೋಡೆಯಾಚೆ ಹಾಕುತ್ತಿದ್ದವು. ಇಲ್ಯಾನಿಯದು ರಬ್ಬರಿನ ತೋಳು ಬೀಸಿ ಒಂದೇ ಸಲಕ್ಕೆ ಮೂರು ಒಗೆಯುತ್ತಿತ್ತು. ರಬ್ಬರು ಎಂದರೆ ಪೇ ಶಿನ್ ಅಪ್ಪನ ಸೈಕಲ್ ಅಂಗಡಿಯ ಹಳೇ ಟ್ಯೂಬು. ಅದನ್ನು ಎಳೆದು ಪಿನ್ ಸಿಕ್ಕಿಸಿದರೆ ಯಂತ್ರ ‘ಮಲಗಿತು’ ಎನ್ನುತ್ತಿದ್ದರು ತಮ್ಮ ರೋಬೋ ಕೋಣೆಯಲ್ಲಿ, ಕಿತ್ತರೆ ‘ಎದ್ದಿತು’.

ನಿಯಮದಲ್ಲಿ ಅನುಮಾನ ಬಂದರೆ ಯಾವ ಶಾಲೆಯವರೂ ಪಂದ್ಯ ನಡೆಸುವವರಿಗೆ ಪ್ರಶ್ನೆ ಕಳಿಸಬಹುದು. ಕೇಳಿದವರ ಹೆಸರು ಬಿಟ್ಟು ಪ್ರಶ್ನೆಯನ್ನೂ ಉತ್ತರವನ್ನೂ ಎಲ್ಲರಿಗೂ ಕಳಿಸುತ್ತಾರೆ. ಇಲ್ಯಾನಿ ಓದಿದ್ದು ಇಷ್ಟು: “ಪ್ರಶ್ನೆ: ರಬ್ಬರು ಎಳೆದು ಪಿನ್ ಹಾಕಿ ಮಲಗಿಸಿದ ಯಂತ್ರವನ್ನು ಕೈಯಲ್ಲಿ ಎತ್ತಿಕೊಂಡು ಬರುವುದು ಸುರಕ್ಷಿತವೇ? ಉತ್ತರ: ಅಲ್ಲ. ಇನ್ನು ಮುಂದೆ ಎಳೆದ ರಬ್ಬರಿನ ಬಲದಲ್ಲಿ ಬೀಸುವ ತೋಳು ಯಾವ ಯಂತ್ರದಲ್ಲೂ ಇರಕೂಡದು.”

ಮಲಗಿಸಿದ! ಆ ಮಾತು ಅವರ ಕೋಣೆಯದು, ಇನ್ನೆಲ್ಲಿಂದ ಬರಬೇಕು? ಯಾರೆಂದು ಊಹಿಸಲು ಅವಳಿಗೆ ಎರಡನೇ ನಿಮಿಷ ಬೇಕಾಗಲಿಲ್ಲ. ಹಿಂದಿನ ವಾರ ಪಿನ್ ಜಾರಿ, ತೋಳು ಇಲ್ಯಾನಿಯ ಕಿವಿಯ ಪಕ್ಕದಲ್ಲೇ ಬೀಸಿ ಗೋಡೆಯ ಬೋರ್ಡಿಗೆ ಬಡಿದು, ಅದರಲ್ಲಿ ಗುಂಡಿ ಬಿದ್ದಿತ್ತು. ಕೋಣೆಯಲ್ಲಿ ಆದ ಅವಘಡಗಳನ್ನು ಸುರಕ್ಷತೆಯ ಪುಸ್ತಕದಲ್ಲಿ ಬರೆದಿಡುವ ಕೆಲಸ ಪೇ ಶಿನ್‌ಳದು. ‘ಏನೂ ಆಗಲಿಲ್ಲ’ ಅಂತ ಬರೆಯೇ ಎಂದು ಇಲ್ಯಾನಿ ಗೋಗರೆದಿದ್ದಳು. ಅವಳು ಮುಖ ಸಿಂಡರಿಸಿಕೊಂಡೇ ಬರೆದಿದ್ದಳು.

ಕ್ಯಾಂಟೀನಿನಲ್ಲಿ ಎಲ್ಲರೂ ಊಟಕ್ಕೆ ಕೂತಿರುವಾಗ ಇಲ್ಯಾನಿ ಹೋಗಿ ಪೇ ಶಿನ್ ಎದುರು ನಿಂತಳು.

“ಕೇಳಿದ್ದು ನೀನೇ ಅಲ್ವಾ?”

“ಅಲಾಮಕ್! ತುತ್ತು ನುಂಗೋಕಾದ್ರೂ ಬಿಡೇ. ಏನು ಕೇಳಿದ್ದು?”

“ನಾಟಕ ಆಡ್ಬೇಡ. ‘ಮಲಗಿಸಿದ’ ಅಂತ ಇಡೀ ಪೆರಾಕ್ ರಾಜ್ಯದಲ್ಲಿ ಇನ್ಯಾರೇ ಅಂತಾರೆ?”

ಪೇ ಶಿನ್ ಚಮಚ ಕೆಳಗಿಟ್ಟಳು. “ನಾನಲ್ಲ ಕಣೇ, ಯಾನಿ. ನಿನ್ನ ಮಾತು ಕೇಳಿ ಪುಸ್ತಕದಲ್ಲಿ ಸುಳ್ಳು ಬರೆದೆ ನೋಡು, ಅದು ನನ್ನ ತಪ್ಪು. ಇದು ನನ್ನದಲ್ಲ.”

“ಹೆದರುಪುಕ್ಕಲಿ! ಬೇಡ ಅಂತ ಮುಖದ ಮೇಲೆ ಹೇಳೋಕೆ ಧೈರ್ಯ ಇಲ್ಲ, ಬೆನ್ನಿಗೆ ಚೂರಿ ಹಾಕೋಕೆ ಮಾತ್ರ ಇದೆ.”

ನೂರು ಹುಡುಗಿಯರು ತಿನ್ನುವುದು ಬಿಟ್ಟು ನೋಡಿದರು. ಪೇ ಶಿನ್ ಅರ್ಧ ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಮತ್ತೆ ರೋಬೋ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಚಿಕ್ಗು ಚಹಾದ ಲೋಟ ಹಿಡಿದು ಪಕ್ಕದ ಮೇಜಿನಲ್ಲೇ ಇದ್ದರು.

ಆಮೇಲೆ ಇಲ್ಯಾನಿ ಅತ್ತದ್ದೆಲ್ಲ ಅವರ ಹೆಗಲ ಮೇಲೆ. “ಯಾರು ಕೇಳಿದ್ರೇನು, ಹೋಗ್ಲಿ ಬಿಡು ಮಗಳೇ,” ಎಂದು ತಲೆ ಸವರಿದರು. ನಿಯಮ ಹಿಂತೆಗೆದುಕೊಳ್ಳಿ ಎಂದು ಅವಳ ಜೊತೆ ಕೂತು ಅರ್ಜಿ ಬರೆದರು, ಅದು ತಿರಸ್ಕಾರವಾದ ಮೇಲೆ ತೋಳು ಬಿಚ್ಚಿ ಮೋಟಾರು ಕೂಡಿಸಲು ನಿಂತರು, ಮನೆಯಿಂದ ನಾಸಿ ಲೆಮಾಕ್ ಕಟ್ಟಿಕೊಂಡು ಬಂದು ತಿನ್ನಿಸಿದರು. ಹೆತ್ತವಳು ಇನ್ನೇನು ಮಾಡಿಯಾಳು? ಚಿಕ್ಗು ಒಬ್ಬರಿದ್ದರೆ ಸಾಕು ಎಂದುಕೊಂಡಳು ಇಲ್ಯಾನಿ.

ಶನಿವಾರ ಇಪೋದಲ್ಲಿ ಯಂತ್ರವನ್ನು ಪರೀಕ್ಷೆಯ ಮೇಜಿನ ಮೇಲಿಟ್ಟರು. ಪರೀಕ್ಷಕರು ಬಾಯಿಬಡುಕ ಮನುಷ್ಯ. ಪಟ್ಟಿಯಲ್ಲಿ ಶಾಲೆಯ ಹೆಸರು ನೋಡಿದವರೇ ಮುಖ ಅರಳಿಸಿದರು.

“ಓಹೋ, ಚಿಕ್ಗು ರೊಹಾಯಾ ನೀವೇನಾ! ರಬ್ಬರಿನ ವಿಷಯ ನೀವು ಕೇಳಿದ್ದು ಎಷ್ಟು ಒಳ್ಳೇದಾಯ್ತು ಗೊತ್ತಾ? ನಮಗೆ ಅದು ಹೊಳೆದೇ ಇರ್ಲಿಲ್ಲ ನೋಡಿ.”

ಚಿಕ್ಗು ತಲೆವಸ್ತ್ರದ ಅಂಚನ್ನು ಸುಮ್ಮನೆ ಎಳೆದುಕೊಂಡರು. ಪರೀಕ್ಷಕರು ಚೀಟಿ ಅಂಟಿಸಿ ಮುಂದಿನ ಮೇಜಿಗೆ ಹೋದರು.

“ಚಿಕ್ಗು?” ಎಂದಳು ಇಲ್ಯಾನಿ.

“ಬೋರ್ಡಿನ ಗುಂಡಿ ನೋಡಿದೆ ಮಗಳೇ. ಅದು ನಿನ್ನ ಕಣ್ಣಾಗಿದ್ರೆ ನಿಮ್ಮಮ್ಮನಿಗೆ ನಾನೇನು ಹೇಳ್ಲಿ?”

“ತೆಗೀ ಅಂತ ನನಗೇ ಹೇಳ್ಬಹುದಿತ್ತಲ್ಲ!”

“ಹೇಳಿದ್ರೆ ಮತ್ತೆ ನನ್ನ ಮುಖ ನೋಡ್ತಿದ್ಯಾ ನೀನು? ಬೇಡ ಅಂತ ನಿಯಮವೇ ಹೇಳಿದ್ರೆ ಯಾರ ಮೇಲೂ ಸಿಟ್ಟು ಬರಲ್ಲ ಅಂದ್ಕೊಂಡೆ.”

“ಬಂತಲ್ಲ! ಪೇ ಶಿನ್ ಮೇಲೆ ಬಂತಲ್ಲ! ಅಷ್ಟು ಜನರ ಎದುರು ಅವಳಿಗೆ ಬೈದಾಗ ನೀವು ಅಲ್ಲೇ ಕೂತು ಚಹಾ ಕುಡೀತಿದ್ರಿ.”

ನಿಯಮ ಸರಿಯಾದದ್ದೇ, ಅದು ಇಲ್ಯಾನಿಗೂ ಒಳಗೊಳಗೆ ಗೊತ್ತಿತ್ತು. ಸಿಟ್ಟು ಬಂದದ್ದು ಅದಕ್ಕಲ್ಲ. ಐದು ದಿನ ಆ ಹೆಗಲ ಮೇಲೆ ತಲೆಯಿಟ್ಟು ಪೇ ಶಿನ್‌ಳನ್ನು ಶಪಿಸಿದ್ದಳಲ್ಲ, ಒಂದು ಸಲವಾದರೂ ಈ ಹೆಂಗಸು ‘ಅವಳಲ್ಲ’ ಎನ್ನಬಾರದಿತ್ತೇ? ತಲೆ ಸವರಿದ ಆ ಕೈಯನ್ನು ನೆನೆದರೆ ಮೈಯೆಲ್ಲ ಹೇಸಿಗೆಯಾಯಿತು.

ಗೋಡೆಯ ಪಕ್ಕಕ್ಕೆ ಓಡಿಹೋಗಿ ಫೋನ್ ಮಾಡಿದಳು. ಆ ಕಡೆ ಸೈಕಲ್ ಚಕ್ರಕ್ಕೆ ಗಾಳಿ ಹಾಕುವ ಸದ್ದು.

“ಪೇ ಶಿನ್, ಕೇಳಿದ್ದು ನೀನಲ್ಲ ಅಂತ ಗೊತ್ತಾಯ್ತು. ಚಿಕ್ಗು ಕಣೇ. ಚಿಕ್ಗುನೇ ಕೇಳಿದ್ದು.”

“ನಿನಗ್ಯಾರು ಹೇಳಿದ್ರು?”

“ಇಲ್ಲಿ ಪರೀಕ್ಷಕರೊಬ್ಬರು.”

ಗಾಳಿಯ ಸದ್ದು ನಿಂತಿತು. “ಅವರ ಹೆಸರೇನು?”

“ಗೊತ್ತಿಲ್ಲ.”

“ಹೆಸರೂ ಗೊತ್ತಿಲ್ಲದವರು ಹೇಳಿದ ತಕ್ಷಣ ನಂಬಿದೆ. ಐದು ವರ್ಷ ಒಂದೇ ಬೆಂಚಲ್ಲಿ ಕೂತವಳು ಹೇಳಿದಾಗ ನಂಬ್ಲಿಲ್ಲ.”

“ತಪ್ಪಾಯ್ತು. ಬಸ್ ಹತ್ತಿ ಬಾರೇ, ಮಧ್ಯಾಹ್ನ ಇನ್ನೂ ಎರಡು ಆಟ ಇದೆ. ನನಗೆ ನಡೆಸೋಕೆ ಬರಲ್ಲ ಅಂತ ನಿನಗೆ ಗೊತ್ತಲ್ಲ.”

“ಗೊತ್ತು. ಗಿರಾಕಿ ಕಾಯ್ತಿದಾರೆ, ಇಡ್ತೀನಿ.”

ಮೈಕಿನಲ್ಲಿ ಶಾಲೆಯ ಹೆಸರು ಎರಡನೇ ಸಲ ಕೂಗಿದರು. ಇಲ್ಯಾನಿ ಕಣ್ಣೊರೆಸಿಕೊಂಡು, ಕನ್ನಡಕ ಹಾಕಿಕೊಂಡು, ಪೇ ಶಿನ್ ಹಿಡಿಯಬೇಕಿದ್ದ ರಿಮೋಟನ್ನು ಹಿಡಿದು ನಿಂತಳು. ಸೀಟಿ ಊದಿದರು. ಯಂತ್ರ ತಡವರಿಸಿ, ಗೋಡೆಗೆ ಒರಗಿ, ಹೇಗೋ ಹಿಂದಕ್ಕೆ ಬಂತು. ಆಟದಲ್ಲಿ ಉಳಿದದ್ದು ಹತ್ತು ಸೆಕೆಂಡು, ಇನ್ನೊಂದು ಚೆಂಡು ಹಾಕಿದರೆ ಗೆಲುವು.

“ಬಲಕ್ಕೆ ಮಗಳೇ! ಬಲಕ್ಕೆ ತಿರುಗಿಸು!” ಹಿಂದಿನಿಂದ ಚಿಕ್ಗು ಕೂಗಿದರು.

ಚೆಂಡು ಬಲಕ್ಕೇ ಇತ್ತು, ಇಲ್ಯಾನಿಗೂ ಕಾಣುತ್ತಿತ್ತು. ಅವಳು ಯಂತ್ರವನ್ನು ಎಡಕ್ಕೆ ತಿರುಗಿಸಿದಳು.